ಅಜ್ಜಿಯ ಎಡಗೈ

ಜೇನಿನ ಬಟ್ಟಲಿಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದೆ. ಸೋಮವಾರ ನಮ್ಮಜ್ಜಿ ದಾಕ್ಷಾಯಣಮ್ಮ ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಜೇನಿನ ಅಭಿಷೇಕ ಮಾಡುತ್ತಾಳೆ. ಬಟ್ಟಲು ಬೆಳಗಿ ಇಡುವವರೆಗೂ ಯಾರೂ ಮಾತಾಡುವ ಹಾಗಿಲ್ಲ. ಅದು ನನಗೆ ಕಷ್ಟವೇ ಅಲ್ಲ, ಮಿಕ್ಕ ಹೊತ್ತಿನಲ್ಲೂ ನನ್ನ ಮಾತು ಕಡಿಮೆ.

ಬೇರೆ ದಿನವಾದರೆ ಪೂಜೆಗೆ ಮುಂಚೆಯೇ ಅಜ್ಜಿಯ ಬೆರಳು ಚುಚ್ಚಿ ಶುಗರ್ ನೋಡಿಬಿಡುತ್ತಿದ್ದೆ. ಆದರೆ ಹಳೇ ಮಿಷನ್ ಶನಿವಾರವೇ ಕೈಕೊಟ್ಟಿತ್ತು. ಬಸವೇಶ ಚಿಕ್ಕಪ್ಪ ಹಾಸನದಿಂದ ಹೊಸದನ್ನು ಹಿಡಿದು ಅರಕಲಗೂಡಿನ ಬಸ್ಸು ಇಳಿಯುವಷ್ಟರಲ್ಲಿ ಪೂಜೆ ಮುಗಿದಿತ್ತು. ಅಜ್ಜಿ ತೀರ್ಥವನ್ನೂ ಕುಡಿಯದೆ, ಖಾಲಿ ಹೊಟ್ಟೆಯಲ್ಲಿ ಜಗಲಿಯ ಮೇಲೆ ಕಾಯುತ್ತಿದ್ದಳು. ನಾಳೆ ಹಾಸನದಲ್ಲಿ ಕಣ್ಣಿನ ಪೊರೆ ತೆಗೆಸಬೇಕು. ಶುಗರ್ ಇನ್ನೂರರೊಳಗಿದ್ದರೆ ಮಾತ್ರ ಬನ್ನಿ ಎಂದಿದ್ದರು ಡಾಕ್ಟರು.

ಅಜ್ಜಿಗೆ ಕಣ್ಣು ಬೇಕಾಗಿದ್ದುದು ಒಂದೇ ಕಾರಣಕ್ಕೆ. ಪಕ್ಕದ ಮನೆ ಪುಟ್ಟತಾಯಮ್ಮ ಚೌಕಾಬಾರದಲ್ಲಿ ಕಾಯಿ ಸರಿಸುತ್ತಾಳೆ ಎಂಬ ಗುಮಾನಿ. ಸರಿಸುವುದು ನಿಜ. ನಾನು ನೋಡಿದ್ದೇನೆ.

"ಎಷ್ಟ್ ಆಳ ಚುಚ್ಬೇಕು ಅಂತ ಇದ್ರಾಗೆ ಒಂದ್ರಿಂದ ಐದರ್ಗಂಟ ನಂಬರ್ ಐತೆ ಕಣವ್ವ. ನಿಂಗೆ ಮೂರು ಸಾಕು," ಎನ್ನುತ್ತಾ ಚಿಕ್ಕಪ್ಪ ಬೆರಳು ಚುಚ್ಚುವ ಪೆನ್ನಿನ ತಲೆ ತಿರುಗಿಸಿದರು. ಅಜ್ಜಿ ಕಣ್ಣು ಬಿಗಿಯಾಗಿ ಮುಚ್ಚಿ ಎಡಗೈ ಚಾಚಿದಳು. ಟಕ್ ಎಂದಿತು.

"ಚುಚ್ಚಪ್ಪ, ಎಷ್ಟೊತ್ತು?"

"ಚುಚ್ಚಾಯ್ತು."

"ಸುಳ್ ಬೊಗಳ್ಬ್ಯಾಡ!" ಅಜ್ಜಿ ಬೆರಳನ್ನು ಮೂಗಿನ ಹತ್ತಿರ ತಂದು ನೋಡಿದಳು. ರಕ್ತದ ಹನಿ ಕಂಡು ಕಿಸಕ್ಕನೆ ನಕ್ಕಳು. "ಅಯ್ಯ, ಸೊಳ್ಳೆ ಕಚ್ಚಿದ್ರೂ ಇದಕ್ಕಿಂತ ನೋಯ್ತದೆ. ಈ ಉಡುಗಿ ಇಷ್ಟ್ ದಿನ ದಬ್ಬಳ ಇಟ್ಕಂಡು ಚುಚ್ತಿತ್ತಾ ಎಂಗೆ?"

ಚಿಕ್ಕಪ್ಪ ಹನಿಯನ್ನು ಮಿಷನ್ನಿನ ಪಟ್ಟಿಗೆ ಸೋಕಿಸಿದರು. ಐದು ಎಣಿಸುವಷ್ಟರಲ್ಲಿ ನಂಬರು ಬಂತು. ನಾನೂರ ಮೂವತ್ತೆಂಟು.

ನಗು ನಿಂತಿತು. "ನಾಳೆ ಬರಾಕಿಲ್ಲ ಅಂದ್ಬುಡ್ತೀನಿ," ಎಂದು ಚಿಕ್ಕಪ್ಪ ಫೋನ್ ತೆಗೆದರು.

ಕವಡೆ ಹಿಡಿದು ಬಾಗಿಲಲ್ಲೇ ನಿಂತಿದ್ದ ಪುಟ್ಟತಾಯಮ್ಮನ ಮುಖ ಅರಳಿತು. "ಪಾಪ! ಮುಂದಿನ್ ವರ್ಸ ಮಾಡಿಸ್ಕಂಡ್ರಾಯ್ತು ಬುಡು. ಬಾ, ಒಂದಾಟ ಆಕಾನ."

"ಏನೂ ತಿಂದಿಲ್ಲ ಕಣಪ್ಪ, ಲಿಂಗದಾಣೆ." ಅಜ್ಜಿ ಎಡ ಅಂಗೈ ಎತ್ತಿ ಹಿಡಿದಳು.

ಅಜ್ಜಿಯ ಆ ಕೈಯನ್ನೇ ನೋಡುತ್ತಿದ್ದೆ. ಚುಚ್ಚಿದ್ದ ಉಂಗುರದ ಬೆರಳ ಮೇಲೆ ಒಂದು ಇರುವೆ ಹತ್ತಿತು. ಅದರ ಹಿಂದೆ ಇನ್ನೊಂದು.

"ಚಿಕ್ಕಪ್ಪ, ಫೋನ್ ಇಡಿ!"

ನನ್ನ ದನಿಗೆ ನಾನೇ ಬೆಚ್ಚಿದೆ. ಎಲ್ಲರೂ ತಿರುಗಿದರು. "ಜೇನು... ಬೆರಳಾಗೆ ಜೇನೈತೆ," ಎಂದು ಇರುವೆ ತೋರಿಸಿ, ಒಳಗೋಡಿ ಚೊಂಬು, ಸೋಪು ತಂದೆ. ಬೆರಳುಬೆರಳೂ ತಿಕ್ಕಿ ತೊಳೆದು ಒರೆಸಿದೆ. ಹೊಸ ಸೂಜಿ, ಹೊಸ ಪಟ್ಟಿ. ಟಕ್.

ನೂರ ನಲವತ್ತಾರು.

"ಥೂ ನನ್ನ! ಜೇನಿಗೆ ಶುಗರ್ ಟೆಸ್ಟ್ ಮಾಡ್ಬುಟ್ನಲ್ಲಾ!" ಎಂದು ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಾ ಕುಳಿತರು. ಅಜ್ಜಿ ತೀರ್ಥವನ್ನು ಒಂದೇ ಗುಟುಕಿಗೆ ಕುಡಿದು, ನನ್ನ ಎರಡೂ ಕೈ ಹಿಡಿದು ಜಗಲಿಯಲ್ಲೇ ಗಿರಗಿರನೆ ತಿರುಗಿಸಿದಳು. ನಕ್ಕೂ ನಕ್ಕೂ ನನಗೆ ಬಿಕ್ಕಳಿಕೆ ಬಂತು. ಬಿಕ್ಕಳಿಕೆ ಕೇಳಿ ಅವರಿಬ್ಬರೂ ಮತ್ತೆ ನಕ್ಕರು.

ಅಜ್ಜಿ ಸೀರೆ ಮಡಿಸಿ ಮಡಿಸಿ ಚೀಲಕ್ಕೆ ತುರುಕತೊಡಗಿದಳು. ಚಿಕ್ಕಪ್ಪ ಬಸ್ಸಿನ ಟೈಮು ನೋಡತೊಡಗಿದರು. ಪುಟ್ಟತಾಯಮ್ಮ ಕವಡೆಯನ್ನು ಸೆರಗಿಗೆ ಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಳು.

"ದಾಕ್ಷಾಯಣಿ, ಇನ್ನೊಂದ್ ತಿಂಗ್ಳು ಬುಟ್ಟು ಓಗು."