ಸುಗಂಧಿ ಬಾಗಿಲು ತೆಗೆಯುತ್ತಾಳಾ?

“ಮಮತಾ, ಆ ಕಡೆ ನಿಂತವ್ರಿಗೆ ಹೇಳು, ನೀಲಾ ಮಾಡಿದ್ದು ಮನೆಹಾಳು ಕೆಲ್ಸ ಅಂತ,” ಎನ್ನುತ್ತ ಮಲ್ಲಕ್ಕ ಕುಂಚವನ್ನು ಗಂಜಿಯಲ್ಲಿ ಅದ್ದಿದಳು.

ಆ ಕಡೆ ನಿಂತವಳು ಅವಳ ವಾರಗಿತ್ತಿ ಏಕನಾಥಮ್ಮ. ಇಬ್ಬರ ನಡುವೆ ಇದ್ದದ್ದು ಕಂಬಳಿಯ ಹಾಸು. ಹಟ್ಟಿಯ ಬಯಲಲ್ಲಿ ಎರಡು ಗೂಟಕ್ಕೆ ಬಿಗಿದು ಕಟ್ಟಿದ ಕರಿ ಉಣ್ಣೆಯ ಎಳೆಗಳಿಗೆ ಹುಣಸೆ ಬೀಜದ ಗಂಜಿ ಹಚ್ಚುವುದು ಒಬ್ಬರಿಂದ ಆಗುವ ಕೆಲಸವಲ್ಲ. ಈ ಬದಿಗೊಬ್ಬರು ಆ ಬದಿಗೊಬ್ಬರು ನಿಂತು, ಒಂದೇ ಹದದಲ್ಲಿ ಕುಂಚ ಎಳೆಯುತ್ತ, ಒಂದೇ ಹೆಜ್ಜೆಯಲ್ಲಿ ಈ ತುದಿಯಿಂದ ಆ ತುದಿಗೆ ನಡೆಯಬೇಕು. ಒಬ್ಬರು ಮುಂದಾದರೆ ಎಳೆ ಎಳೆ ಅಂಟಿಕೊಂಡು ಹಾಸು ಕೆಡುತ್ತದೆ. ಇವರಿಬ್ಬರೂ ಇಪ್ಪತ್ತೆಂಟು ವರ್ಷದಿಂದ ಹೀಗೆ ನಡೆದಿದ್ದರು. ಅದರಲ್ಲಿ ಕೊನೆಯ ಒಂಬತ್ತು ವರ್ಷ ಒಬ್ಬರೊಡನೊಬ್ಬರು ಒಂದು ಮಾತೂ ಆಡದೆ ನಡೆದಿದ್ದರು.

ಮಾತು ಬಿಡುವುದಕ್ಕೂ ಐಮಂಗಲದ ಕಡೆಯ ಹಟ್ಟಿಗಳಲ್ಲಿ ಒಂದು ಕ್ರಮವಿದೆ. ಮಾತು ಬಿಟ್ಟವರು ಜೊತೆಗೆ ಕೆಲಸ ಮಾಡಬಹುದು, ಹಬ್ಬದಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬಹುದು, ಆದರೆ ಮುಖ ನೋಡಿ ಕರೆಯುವ ಹಾಗಿಲ್ಲ. ಹೇಳಲೇಬೇಕಾದ್ದನ್ನು ಮೂರನೆಯವರಿಗೆ ಹೇಳಬೇಕು. ಮೂರನೆಯವರಿಲ್ಲದಿದ್ದರೆ ಗೋಡೆಗೆ ಹೇಳಬೇಕು, ಗೋಡೆಯೂ ಇಲ್ಲದಿದ್ದರೆ ಕಟ್ಟಿಹಾಕಿದ ಟಗರಿಗೆ. “ಲೇ ಟಗರೇ, ಗಂಜಿ ತೆಳ್ಳಗಾತು ಅಂತ ಹೇಳೋ” ಎಂದು ಒಬ್ಬಳು, “ತೆಳ್ಳಗಾದ್ರೆ ಅವ್ರೇ ಕಾಸ್ಲಿ ಅನ್ನೋ” ಎಂದು ಇನ್ನೊಬ್ಬಳು. ಮೂರು ವರ್ಷದ ಹಿಂದೆ ಮಮತಾ ಮಲ್ಲಕ್ಕನ ಸೊಸೆಯಾಗಿ ಬಂದ ಮೇಲೆ ಟಗರಿಗೆ ಬಿಡುವು ಸಿಕ್ಕಿತು.

ಆಮೇಲೆ ಟೀವಿಯಲ್ಲಿ ‘ಗೆರೆ ಮುಟ್ಟಿ ಬಾ’ ಶುರುವಾಯಿತು. ಯಾವುದೋ ಸಣ್ಣ ಊರಿನ ಹುಡುಗಿಯರ ಕಬಡ್ಡಿ ತಂಡದ ಕಥೆ. ತಂಡದ ಕ್ಯಾಪ್ಟನ್ ಸುಗಂಧಿ, ಅವಳ ಜೀವದ ಗೆಳತಿ ನೀಲಾ. ಹಟ್ಟಿಯ ಹೆಂಗಸರಿಗೆ ಆಟದ ಪಾಯಿಂಟು ಎಷ್ಟಾಯಿತು ಎಂಬುದು ಬೇಕಿರಲಿಲ್ಲ. ಅವರಿಗೆ ಬೇಕಾದದ್ದು ಯಾರಿಗೆ ಯಾರು ಏನಾಗಬೇಕು ಎಂಬುದು. ಕೋಚ್ ಸೂರಪ್ಪ ಮೇಷ್ಟ್ರಿಗೆ ಹಾಸ್ಟೆಲ್ ವಾರ್ಡನ್ನನ್ನು ಕೊಟ್ಟು ಮದುವೆ ಮಾಡಬೇಕೆಂದು ಅರ್ಧ ಹಟ್ಟಿ ಯಾವತ್ತೋ ತೀರ್ಮಾನಿಸಿತ್ತು. ಉಳಿದರ್ಧಕ್ಕೆ ವಾರ್ಡನ್ನಿನ ನಗು ಸರಿಬರುತ್ತಿರಲಿಲ್ಲ. ಬೆಳಿಗ್ಗೆ ನೂಲುವುದಕ್ಕೆ ಕೂತರೆ ಹಿಂದಿನ ಸಂಜೆಯ ಕಥೆಯನ್ನು ಉಣ್ಣೆಗಿಂತ ನುಣ್ಣಗೆ ಹಿಂಜುತ್ತಿದ್ದರು.

ರಾಜ್ಯ ತಂಡದ ಆಯ್ಕೆಯ ಹಿಂದಿನ ದಿನ ಸುಗಂಧಿಯ ಮಂಡಿ ಕೆಟ್ಟಿದೆಯೆಂದು ನೀಲಾ ಆಯ್ಕೆಯವರಿಗೆ ಹೇಳಿಬಿಟ್ಟಳು. ಸುಗಂಧಿಯ ಹೆಸರು ಪಟ್ಟಿಯಿಂದ ಹೋಯಿತು. ಅಂದಿನಿಂದ ಹಾಸಿನ ಎರಡು ಬದಿಯಲ್ಲೂ ಯುದ್ಧವೇ ನಡೆದಿತ್ತು.

“ಮನೆಹಾಳು ಏನು ಬಂತು? ಮಮತಾ, ನಿಮ್ಮತ್ತೇನ ಕೇಳು,” ಎಂದಳು ಏಕನಾಥಮ್ಮ. “ನೀಲಾ ಸುಳ್ಳೇನಾರ ಹೇಳಿದ್ಲಾ? ಆ ಮಂಡೀಲಿ ಆಡಿದ್ರೆ ಹುಡುಗಿ ಕುಂಟಿ ಆಗಿ ಮೂಲೆಗೆ ಕೂರ್ತಿದ್ಲು. ಇದ್ದದ್ದು ಇದ್ದಂಗೆ ಹೇಳಿದ್ರೆ ಎದ್ದ್ ಬಂದು ಎದೆಗೆ ಒದ್ರಂತೆ.”

ಅವಳ ದನಿ ಎರಡು ಮೂರು ತಿಂಗಳಿಂದ ಒಡೆದುಹೋಗಿತ್ತು. ಗಂಟಲಿಗೆ ಎಲೆಯಡಿಕೆ ಹೊಗೆಸೊಪ್ಪು ಹತ್ತಿದೆ ಎಂದು ಮಲ್ಲಕ್ಕ ತಿಳಿದಿದ್ದಳು. “ಕಪ್ಪೆ ವಟಗುಟ್ಟಿದಂಗೆ ಆತು, ಏನೂ ಕೇಳ್ಳಿಲ್ಲ ಅನ್ನು ಮಮತಾ” ಎಂದು ಹಂಗಿಸಿಯೂ ಇದ್ದಳು.

ಜಗಳ ನೀಲಾಳದ್ದಲ್ಲ ಎಂದು ಮೂವರಿಗೂ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ ಮಲ್ಲಕ್ಕನ ಮಗಳು ಸ್ವಾತಿಗೆ ತುರುವನೂರಿನ ಕಡೆಯಿಂದ ಗಂಡು ಬಂದಿತ್ತು. ಸ್ವಾತಿ ಹೈಸ್ಕೂಲಿನಲ್ಲಿ ಕಬಡ್ಡಿ ಆಡಿ, ತಾಲ್ಲೂಕು ಮಟ್ಟಕ್ಕೆ ಹೋಗಿ, ಮಂಡಿ ಮುರಿದುಕೊಂಡು ಆಪರೇಷನ್ ಮಾಡಿಸಿಕೊಂಡಿದ್ದಳು. ಅದನ್ನು ಗಂಡಿನವರಿಗೆ ಹೇಳುವುದು ಬೇಡವೆಂದು ಮಲ್ಲಕ್ಕನ ಲೆಕ್ಕ. ವೀಳ್ಯದ ದಿನ ಗಂಡಿನ ತಾಯಿ ಅಡುಗೆಮನೆಗೆ ಬಂದು ಏಕನಾಥಮ್ಮನನ್ನು ಕೇಳಿದಳು, ಹುಡುಗಿ ಯಾಕೆ ಕಾಲು ಮಡಚಿ ಕೂರುವುದಿಲ್ಲ ಎಂದು. ಏಕನಾಥಮ್ಮ ಇದ್ದದ್ದನ್ನು ಹೇಳಿದಳು. ಬಂದವರು ತಟ್ಟೆ ಮುಟ್ಟದೆ ಎದ್ದು ಹೋದರು.

ಮರುವರ್ಷವೇ ಸ್ವಾತಿಗೆ ಹೊಸದುರ್ಗದಲ್ಲಿ ಅದಕ್ಕಿಂತ ಒಳ್ಳೆಯ ಸಂಬಂಧ ಕೂಡಿತು. ಮಂಡಿಯ ವಿಷಯ ತಿಳಿದೇ ಮಾಡಿಕೊಂಡರು. ಈಗ ಎರಡು ಮಕ್ಕಳು. ಊರಿಗೆ ಬಂದರೆ ಸ್ವಾತಿ ಮೊದಲು ಹೋಗುವುದೇ ಚಿಕ್ಕಮ್ಮನ ಮನೆಗೆ. ಮಗಳು ಮರೆತದ್ದನ್ನು ತಾಯಿ ಮರೆಯಲಿಲ್ಲ. ನಿಜ ಹೇಳಬೇಕೆಂದರೆ ಮಲ್ಲಕ್ಕನ ಸಿಟ್ಟು ಯಾವಾಗಲೋ ಆರಿಹೋಗಿತ್ತು, ಹಠ ಮಾತ್ರ ಉಳಿದಿತ್ತು. ಹಠಕ್ಕೆ ಉಪವಾಸ ಗೊತ್ತಿಲ್ಲ, ಎಷ್ಟು ವರ್ಷ ಬೇಕಾದರೂ ಬದುಕುತ್ತದೆ.

ಅವತ್ತು ಸೋಮವಾರ. ಹಾಸಿನ ಆ ತುದಿ ಮುಟ್ಟಿ ಹಿಂದಿರುಗುವಾಗ ಏಕನಾಥಮ್ಮ ಕುಂಚ ನಿಲ್ಲಿಸಿದಳು. ಮಲ್ಲಕ್ಕನೂ ನಿಲ್ಲಿಸಬೇಕಾಯಿತು.

“ಮಮತಾ,” ಎಂದಳು ಏಕನಾಥಮ್ಮ. ಉಸಿರು ಎಳೆದುಕೊಂಡು ಎಳೆದುಕೊಂಡು ಮಾತಾಡಿದಳು. “ನೀಲಾ ಈಗ ಸುಗಂಧಿ ಮನೆ ಬಾಗ್ಲಿಗೆ ಬಂದು, ಆಗಿದ್ದು ಆಗೋತು ಕಣೆ, ಮಾತಾಡು ಅಂದ್ರೆ, ಸುಗಂಧಿ ಬಾಗ್ಲು ತೆಗಿತಾಳಾ? ಕೇಳು ನಿಮ್ಮತ್ತೇನ.”

ಇಂಥ ಪ್ರಶ್ನೆ ಧಾರಾವಾಹಿಯಲ್ಲಿ ಇನ್ನೂ ಬಂದಿರಲಿಲ್ಲ. ಮಲ್ಲಕ್ಕ ದಡ್ಡಿಯಲ್ಲ, ಯಾರ ಬಾಗಿಲು ಎಂದು ಕೂಡಲೇ ತಿಳಿಯಿತು. ತಿಳಿದದ್ದೇ ಅವಳಿಗೆ ಒಳಗೊಳಗೇ ಎಂಥದೋ ಖುಷಿಯಾಯಿತು. ಒಂಬತ್ತು ವರ್ಷ ಕಾದ ಗೆಲುವು ಕೈಗೆ ಬಂದಿತ್ತು. ಅದನ್ನು ಅಷ್ಟು ಬೇಗ ಮುಗಿಸುವ ಮನಸ್ಸಾಗಲಿಲ್ಲ.

“ಬಾಗ್ಲು ತೆಗಿಯಾದಾ? ಸಗಣಿನೀರು ಎರಚ್ತಾಳೆ ಅನ್ನು.”

ಮಮತಾ ಅತ್ತೆಯನ್ನೇ ನೋಡಿದಳು. “ಅತ್ತೆ, ಸ್ವಲ್ಪ ಯೋಚ್ನೆ ಮಾಡಿ ಹೇಳ್ರಿ,” ಎಂದಳು.

“ಯೋಚ್ನೆ ಮಾಡಾಕೆ ಏನೈತೆ?”

“ನೀಲಾಗೆ ಟೈಮಿಲ್ಲ ಅಂತ ಇಟ್ಕಳವ್ವ,” ಎಂದಳು ಏಕನಾಥಮ್ಮ. ಈ ಸಲ ಅವಳು ಮಮತಾಳ ಕಡೆ ತಿರುಗಲಿಲ್ಲ, ಎಳೆಗಳನ್ನು ನೋಡಿಕೊಂಡೇ ಹೇಳಿದಳು. “ಬೇಸ್ತವಾರ ಊರು ಬಿಟ್ಟು ಹೋಗ್ತಾಳೆ ಅಂತ ಇಟ್ಕ. ಆಗ?”

“ಹೋದ್ರೆ ಹೋಗ್ಲಿ. ಅವಳ ಬಾಯಿಂದ ಇನ್ನೊಂದ್ ಮಾತು ಕೇಳಾದು ಬ್ಯಾಡ ಸುಗಂಧಿಗೆ.”

ಏಕನಾಥಮ್ಮ ಗಂಜಿ ಅದ್ದಿಕೊಂಡಳು. ಆಮೇಲೆ ಕುಂಚ ಎಳೆದಳು. ಗಂಜಿ ಆರುವ ಮುಂಚೆ ಇಬ್ಬರೂ ಒಂದೇ ಹೆಜ್ಜೆಯಲ್ಲಿ ಈ ತುದಿಗೆ ಬಂದು ಕೆಲಸ ಮುಗಿಸಿದರು. ಹಾಸು ಅವತ್ತು ಬಹಳ ಚೆನ್ನಾಗಿ ಬಂತು.

ಬೇಸ್ತವಾರ ಬೆಳಿಗ್ಗೆ ಏಕನಾಥಮ್ಮ ಮತ್ತು ಅವಳ ಗಂಡ ತಿಪ್ಪಯ್ಯ ಒಂದು ಬ್ಯಾಗು ಹಿಡಿದು ಹೈವೇ ಕಡೆ ನಡೆದರು. ಮಲ್ಲಕ್ಕ ಅಂಗಳ ಗುಡಿಸುತ್ತಿದ್ದಳು. ಎರಡು ಮನೆಗೂ ಒಂದೇ ಗೋಡೆ, ಆಚೆ ಬಾಗಿಲಿಗೆ ಬೀಗ ಹಾಕಿದ ಸದ್ದು ಈಚೆಗೆ ಕೇಳುತ್ತದೆ. ಏಕನಾಥಮ್ಮ ಒಂದು ಗಳಿಗೆ ನಿಂತ ಹಾಗಾಯಿತು. ಮಲ್ಲಕ್ಕ ತಲೆ ಎತ್ತಲಿಲ್ಲ, ಗುಡಿಸಿದ ಜಾಗವನ್ನೇ ಮತ್ತೊಮ್ಮೆ ಗುಡಿಸಿದಳು. ಎಲ್ಲಿಗೆ ಹೋದರೆಂದು ಕೇಳಿದ್ದಕ್ಕೆ ಮಮತಾ “ತವರಿಗಂತೆ” ಎಂದು ಒಳಗೆ ಹೋದಳು.

ಮುಂದಿನ ವಾರ ನೀಲಾ ನಿಜವಾಗಿಯೂ ಸುಗಂಧಿಯ ಬಾಗಿಲಿಗೆ ಬಂದಳು. ಧಾರಾವಾಹಿಯವರು ಅವಳನ್ನು ಮೂರು ದಿನ ಬಾಗಿಲಲ್ಲೇ ನಿಲ್ಲಿಸಿದರು. ನಾಲ್ಕನೆಯ ದಿನ ಸುಗಂಧಿ ಬಾಗಿಲು ತೆಗೆದಳು. ಮಲ್ಲಕ್ಕನ ಪಡಸಾಲೆಯಲ್ಲಿ ಕೂತಿದ್ದ ಹೆಂಗಸರೆಲ್ಲ ಸೆರಗಿನಿಂದ ಮೂಗು ಒರೆಸಿಕೊಂಡರು. “ಥೂ, ಮಾನಗೆಟ್ಟೋಳು, ಇಷ್ಟು ಬೇಗ ತೆಗದ್ಲಾ” ಎಂದು ಬೈದವಳು ಮಲ್ಲಕ್ಕ ಒಬ್ಬಳೇ. ಬೈದ ಮೇಲೆ ಗೋಡೆಯ ಕಡೆ ಕಿವಿಕೊಟ್ಟಳು. ಆಚೆಯಿಂದ ಗೊಗ್ಗರು ದನಿಯಲ್ಲಿ ಒಂದು ನಗು ಬರಬೇಕಿತ್ತು. ಬರಲಿಲ್ಲ. ಬೆಳಿಗ್ಗೆ ಹಾಸಿನ ಆ ಬದಿಗೆ ಮಮತಾಳನ್ನು ನಿಲ್ಲಿಸಿಕೊಂಡರೆ ಹೆಜ್ಜೆಯೇ ಕೂಡಲಿಲ್ಲ.

“ಎಲ್ಲೆ ನಿನ್ನ ಕೈ ಐತೆ? ಎಳೆ ಎಲ್ಲ ಅಂಟ್ಕಂತು ನೋಡು!” ಎಂದು ಗದರಿದಳು.

ಮಮತಾ ಕುಂಚ ಕೆಳಗಿಟ್ಟು ಅಳತೊಡಗಿದಳು. ಒಂದು ಹಾಸು ಕೆಟ್ಟದ್ದಕ್ಕೆ ಇಷ್ಟು ಅಳುವವಳಲ್ಲ ಎಂದು ಮಲ್ಲಕ್ಕನಿಗೆ ಗೊತ್ತಿತ್ತು.

“ಚಿಕ್ಕತ್ತೆ ತವರಿಗೆ ಹೋಗಿಲ್ಲ ಅತ್ತೆ. ದಾವಣಗೆರೆ ಆಸ್ಪತ್ರೇಲಿ ಅವ್ರೆ. ಗಂಟ್ಲಲ್ಲಿ ಕ್ಯಾನ್ಸರ್. ಆಪರೇಷನ್ ಆತು, ಈಗ್ಲೇ ಚಿಕ್ಕಮಾವ ಫೋನ್ ಮಾಡಿದ್ರು.”

ಮಲ್ಲಕ್ಕ ಅಲ್ಲೇ ಕೂತಳು. “ಜೀವಕ್ಕೇನೂ…?”

“ಜೀವಕ್ಕೇನೂ ಇಲ್ಲ. ಮಾತಾಡೋ ಪೆಟ್ಟಿಗೇನೇ ತೆಗದವ್ರೆ. ಇನ್ನ ದನಿ ಬರಲ್ಲ ಅತ್ತೆ.”

“ನಿಂಗೆ ಯಾವಾಗ ಗೊತ್ತಾತು?”

“ಮೊದ್ಲೇ. ಡಾಕ್ಟ್ರ ಚೀಟಿ ಓದಿ ಹೇಳಿದ್ದೇ ನಾನು. ಹೋಗಾಕೆ ಮುಂಚೆ ನಿಮ್ಮತ್ರ ಒಂದ್ಸಲ ಬಾಯ್ತುಂಬ ಮಾತಾಡ್ಬೇಕು ಅಂತಿದ್ರು. ವಿಷ್ಯ ಹೇಳ್ತೀನಿ ಅಂದ್ರೆ ಆಣೆ ಹಾಕಿದ್ರು. ಕನಿಕರಕ್ಕೆ ಮಾತಾಡ್ಸಾದು ಬ್ಯಾಡ, ಅಕ್ಕ ಅವಳಾಗೇ ಮಾತಾಡ್ಲಿ ಅಂದ್ರು. ಅದಕ್ಕೇ ಅವತ್ತು ಹಂಗ್ ಕೇಳಿದ್ದು.”

ಮಲ್ಲಕ್ಕನಿಗೆ ಮೊದಲು ಬಂದದ್ದು ಸೊಸೆಯ ಮೇಲೆ ಸಿಟ್ಟು. ಕೈ ಎತ್ತಿಯೂ ಬಿಟ್ಟಳು. ಆಮೇಲೆ ಎತ್ತಿದ ಕೈಯಿಂದ ತನ್ನ ಬಾಯಿಗೇ ಎರಡು ಸಲ ಹೊಡೆದುಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ಅವಳೇ.

ಹದಿನೆಂಟು ದಿನ ಬಿಟ್ಟು ಆಚೆ ಬಾಗಿಲಿನ ಬೀಗ ತೆಗೆದ ಸದ್ದಾಯಿತು. ಹತ್ತು ಹೆಜ್ಜೆಯ ದಾರಿ. ಮಲ್ಲಕ್ಕ ಅದನ್ನು ನಡೆಯಲು ಒಂದು ಮಧ್ಯಾಹ್ನ ತೆಗೆದುಕೊಂಡಳು. ಮಮತಾ ಜೊತೆಗೆ ಬರುತ್ತೇನೆಂದರೆ ಬೇಡವೆಂದಳು.

“ಬರ್ರಿ ಅತ್ತಿಗೆ,” ಎಂದು ತಿಪ್ಪಯ್ಯ ಬಾಗಿಲಲ್ಲೇ ಎದ್ದು ನಿಂತ. ದನಿ ತಗ್ಗಿಸಿ, “ಮುಂದೆ ಒಂದು ಮಿಷನ್ ಇಟ್ರೆ ಸದ್ದು ಬರ್ತೈತಂತೆ. ಆದ್ರೆ ಇವಳ ದನಿ ಅಲ್ಲ ಅದು,” ಎಂದ.

ಏಕನಾಥಮ್ಮ ಗೋಡೆಗೆ ಒರಗಿ ಕೂತಿದ್ದಳು. ಊಟ ಇಳಿಸುವುದಕ್ಕೆ ಮೂಗಿಗೆ ಸಣ್ಣ ನಳಿಗೆ ಹಾಕಿದ್ದರು. ಕೊರಳಿನ ಕೆಳಗೆ, ತಾಳಿಸರಕ್ಕಿಂತ ಮೇಲೆ, ಉಸಿರಾಡುವುದಕ್ಕೆಂದು ಮಾಡಿದ ತೂತಿನ ಮೇಲೆ ತೆಳು ಬಿಳಿ ಬಟ್ಟೆ ಇಳಿಬಿಟ್ಟಿತ್ತು. ಮಲ್ಲಕ್ಕ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಅದನ್ನು ನೋಡಿದ್ದೇ ಮರೆತುಹೋಯಿತು.

“ಸುಗಂಧಿ ಬಾಗ್ಲು ತೆಗದ್ಲು ಕಣೆ ಏಕನಾಥಿ,” ಎಂದಳು.

ಆ ಹೆಸರು ಹಿಡಿದು ಅವಳನ್ನು ಕರೆಯುತ್ತಿದ್ದವಳು ಮಲ್ಲಕ್ಕ ಒಬ್ಬಳೇ. ಏಕನಾಥಮ್ಮ ಕಣ್ಣು ಮಿಟುಕಿಸದೆ ನೋಡಿದಳು.

“ನೆಟ್ಟಗೆ ಬಂದು ಬಾಗ್ಲು ಬಡಿಯಾದಲ್ವೇನೆ? ಬೈತಿದ್ದೆ. ಒಂದು ದಿನ ಪೂರ್ತಿ ಬೈತಿದ್ದೆ. ಬೈಯ್ಕಂತನೇ ತೆಗಿತಿದ್ದೆ ಕಣೆ.” ಮಲ್ಲಕ್ಕ ಹತ್ತಿರ ಜರುಗಿ ಅವಳ ಕೈ ಹಿಡಿದುಕೊಂಡಳು. ಕೈಯಲ್ಲಿ ಏನೂ ಉಳಿದಿರಲಿಲ್ಲ, ಬರೀ ಎಲುಬು.

ಏಕನಾಥಮ್ಮನ ತುಟಿ ಅಲುಗಿತು. ಒಂದು ಮಾತಿನಷ್ಟಲ್ಲ, ಬಹಳ ಉದ್ದಕ್ಕೆ ಅಲುಗಿತು.

“ಏನು?”

ತುಟಿ ಮತ್ತೆ ಅಲುಗಿತು. ಮಲ್ಲಕ್ಕ ತಿಪ್ಪಯ್ಯನ ಕಡೆ ತಿರುಗಿದಳು.

“ನಂಗೂ ತಿಳಿಯಲ್ಲ ಅತ್ತಿಗೆ,” ಎಂದು ಅವನು ಹೊರಗೆ ಹೋದ.

ಮಲ್ಲಕ್ಕ ಬಾಗಿ, ತಲೆಯ ಮೇಲಿನ ಸೆರಗು ಸರಿಸಿ, ತನ್ನ ಕಿವಿಯನ್ನು ಏಕನಾಥಮ್ಮನ ಬಾಯಿಗೆ ಹಚ್ಚಿದಳು. ಬಾಯಿಂದ ಉಸಿರು ಕೂಡ ಬರುತ್ತಿರಲಿಲ್ಲ. ಅದು ಕೊರಳಿನ ಬಟ್ಟೆಯನ್ನು ಎತ್ತಿ ಎತ್ತಿ ಬಿಡುತ್ತ, ಬೆಚ್ಚಗೆ ಅವಳ ಕುತ್ತಿಗೆಗೆ ತಾಗುತ್ತಿತ್ತು. ಕಿವಿಯ ಹತ್ತಿರ ತುಟಿಗಳು ಮಾತ್ರ ಬಿಡದೆ ಅಲುಗುತ್ತಿದ್ದವು.

“ಹೂಂ,” ಎಂದಳು ಮಲ್ಲಕ್ಕ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ಹೂಂ… ಆಮೇಲೆ?”