ಧೈರ್ಯಕ್ಕೆ ಕಾಲು ಡಬ್ಬ

ಒಗೆದ ಬಟ್ಟೆ ಹಿಂಡಿ ಒಂದೊಂದಾಗಿ ತಂತಿಗೆ ಹಾಕುತ್ತಿದ್ದೆ. ನಮ್ಮನೆಯವರ ಅಂಗಿಯ ತೋಳೊಂದು ಗಾಳಿಗೆ ಎದ್ದು, ಯಾರನ್ನೋ ಕರೆಯುವಂತೆ ಅಲುಗಿತು. ಅಷ್ಟೇ ಸಾಕಾಯಿತು. ಹಿತ್ತಲಲ್ಲಿ ನಿಂತಿದ್ದ ನಮ್ಮ ಕುದುರೆ ಕಿವಿ ನಿಮಿರಿಸಿ, ಮೂರೂವರೆ ಕಾಲಿನಲ್ಲಿ ಓಟ ಕಿತ್ತಿತು. ತಂತಿ ಹರಿಯಿತು, ಒಂದು ಬೆಳಗಿನ ಕೆಲಸವೆಲ್ಲ ಮಣ್ಣುಪಾಲಾಯಿತು. ಕುದುರೆ ಮಾತ್ರ ಅತ್ತೆಯ ದಿಂಬಿನ ಗವಸನ್ನು ಒಂದು ಕಿವಿಗೆ ಸಿಕ್ಕಿಸಿಕೊಂಡು ಲಾಯದ ಮೂಲೆಯಲ್ಲಿ ನಡುಗುತ್ತಿತ್ತು.

"ಏನೇ ಅದು ಸದ್ದು?" ಎಂದು ಅತ್ತೆ ಅಡುಗೆಮನೆಯಿಂದ ಕೂಗಿದರು.

"ಧೈರ್ಯ ಹೆದರಿಕೊಂಡಿದೆ ಅತ್ತೆ."

"ಅದಕ್ಕೆ ಇನ್ನೇನು ಕೆಲಸ!"

ಧೈರ್ಯ ಅಂದರೆ ಕುದುರೆಯ ಹೆಸರು. ಮರಿಯಾಗಿದ್ದಾಗ ನನ್ನ ಮೈದುನ ಇಟ್ಟದ್ದು. ಸ್ವಭಾವ ನೋಡಿ ಇಟ್ಟದ್ದಲ್ಲ.

ನಮ್ಮನೆಯವರೂ ಮೈದುನನೂ ಮನೆಮನೆಗೆ ಹಾಲು ಹಾಕುತ್ತಾರೆ. ಕ್ಯಾನುಗಳ ಗಾಡಿ ಎಳೆಯುವುದು ಧೈರ್ಯ. ನಾಲ್ಕು ದಿನದಿಂದ ಅದು ಕಾದ ಬಾಣಲೆಯ ಮೇಲೆ ನಡೆಯುವಂತೆ ಮುಂಗಾಲು ಎತ್ತೆತ್ತಿ ಇಡುತ್ತಿತ್ತು. ಬೆಚ್ಚುವುದೂ ವಿಪರೀತವಾಗಿತ್ತು. ಬಕೆಟ್ಟಿಗೆ ಹೆದರುತ್ತಿತ್ತು, ಬೆಕ್ಕಿಗೆ ಹೆದರುತ್ತಿತ್ತು, ಒಮ್ಮೆ ತನ್ನ ಸೀನಿಗೆ ತಾನೇ ಹೆದರಿತು. ತಂತಿ ಹರಿದ ಮೇಲೆ ತಡಮಾಡದೆ ಪಶುವೈದ್ಯೆಯನ್ನು ಕರೆಸಿದೆವು.

ಡಾಕ್ಟರಮ್ಮ ಬಂದು ಗೊರಸು ಮುಟ್ಟಿ ನೋಡಿದರು. "ಎರಡೂ ಮುಂದಿನ ಗೊರಸು ಕಾದಿವೆ. ಏನು ತಿನ್ನಿಸ್ತಾ ಇದ್ದೀರಿ?"

"ದಿನಾ ಒಂದು ಡಬ್ಬ ಕಾಳು," ಎಂದರು ನಮ್ಮನೆಯವರು, ಹೆಮ್ಮೆಯಿಂದ. "ನಮ್ಮ ಹೊಟ್ಟೆಗೆ ಕಡಿಮೆ ಆದ್ರೂ ಅದಕ್ಕೆ ಕಡಿಮೆ ಮಾಡಿಲ್ಲ."

"ಅದೇ ತಪ್ಪಾಗಿರೋದು. ಕಾಳು ಜಾಸ್ತಿಯಾದ್ರೆ ಇದಕ್ಕೆ ಗೊರಸೂ ಕಾಯುತ್ತೆ, ತಲೆಯೂ ಕಾಯುತ್ತೆ. ಕುಂಟೋದೂ ಅದರಿಂದ, ಬೆಚ್ಚೋದೂ ಅದರಿಂದ."

ಅವರು ಒಂದು ಚೀಟಿ ಬರೆದು ಲಾಯದ ಬಾಗಿಲಿಗೆ ಮೊಳೆ ಹೊಡೆಸಿದರು. 'ದಿನಕ್ಕೆ ಕಾಳು ಕಾಲು ಡಬ್ಬ. ಒಣಹುಲ್ಲು ಹೊಟ್ಟೆ ತುಂಬ.'

ಅತ್ತೆಯ ನಾಲಿಗೆಗೆ ಲ ಮತ್ತು ಳ ಎರಡೂ ಒಂದೇ. ಕನ್ನಡಕ ಏರಿಸಿ ಓದಿದರು. "ಕಾಲು ಕಾಲು ಡಬ್ಬ. ಇದೇನಮ್ಮಾ, ಕಾಲು ಅಂತ ಎರಡು ಸಲ ಬರೆದಿದ್ದೀಯ?"

"ಮೊದಲನೇದು ತಿನ್ನೋ ಕಾಳು ಅಜ್ಜಿ, ಎರಡನೇದು ಅಳತೆ ಕಾಲು."

"ಮತ್ತೆ ನೋಯೋ ಕಾಲು ಎಲ್ಲಿ ಬರೆದಿದ್ದೀಯ?"

ಡಾಕ್ಟರಮ್ಮ ನಗು ತಡೆದುಕೊಂಡು ಗಾಡಿಯ ಕಡೆ ನೋಡಿದರು. "ಹದಿನೈದು ದಿನ ಬಿಟ್ಟು ಬರ್ತೀನಿ. ಅಷ್ಟರಲ್ಲಿ ಗೊರಸಿನ ಕಾವು ಇಳಿದಿಲ್ಲ ಅಂದ್ರೆ ಇದು ಇನ್ನು ಗಾಡಿ ಎಳೆಯೋ ಮಾತು ಬಿಟ್ಟುಬಿಡಿ."

ಊಟಕ್ಕೆ ಕುಳಿತಾಗ ನಮ್ಮನೆಯವರು ತಟ್ಟೆ ನೋಡುತ್ತಲೇ, "ಎಳೆಯೋಕಾಗಲ್ಲ ಅಂದ್ರೆ ಮಾರಬೇಕಾಗುತ್ತೆ, ಬೇರೆ ದಾರಿ ಇಲ್ಲ," ಎಂದರು. ಏಳು ವರ್ಷದ ನನ್ನ ಮಗಳು ಬಾಯಿಯಲ್ಲಿದ್ದ ತುತ್ತನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ನಾನು ಅವಳ ಬೆನ್ನು ಸವರುತ್ತಾ ಎಷ್ಟೋ ಹೊತ್ತು ಕೂತೆ.

ಆವತ್ತಿನಿಂದ ಮನೆಯಲ್ಲಿ ಶಿಸ್ತೆಂದರೆ ಶಿಸ್ತು. ಚೀಟಿಯಲ್ಲಿ ಎಷ್ಟು ಕೊಡಬೇಕೆಂದು ಇತ್ತು, ಯಾರು ಕೊಡಬೇಕೆಂದು ಇರಲಿಲ್ಲ. ನಮ್ಮನೆಯವರು ಬೆಳಿಗ್ಗೆ ಹಾಲಿಗೆ ಹೊರಡುವ ಮುಂಚೆ ಕಾಲು ಡಬ್ಬ ಕೊಟ್ಟರು. ಅತ್ತೆ ಹತ್ತು ಗಂಟೆಗೆ ಕಾಲು ಡಬ್ಬ ಅಳೆದು, ಚಾಕುವಿನ ಹಿಂಬದಿಯಿಂದ ಮಟ್ಟ ಮಾಡಿ ಕೊಟ್ಟರು. ಮೈದುನ ವಾಪಸು ಬಂದವನೇ ಕಾಲು ಡಬ್ಬ ಕೊಟ್ಟ. ಸಂಜೆ ಪಾತ್ರೆ ತೊಳೆದು ಕೈ ಒರೆಸಿಕೊಂಡು ನಾನು ಕಾಲು ಡಬ್ಬ ಕೊಟ್ಟೆ. ಒಬ್ಬರದನ್ನು ಒಬ್ಬರು ನೋಡಿ ಮೆಚ್ಚಿಕೊಂಡೆವು ಕೂಡ.

"ನೋಡಿ ಅತ್ತಿಗೆ," ಎಂದು ಮೈದುನ ಕಾಲು ಭಾಗಕ್ಕೆ ಗೆರೆ ಎಳೆದಿದ್ದ ಡಬ್ಬವನ್ನು ನನ್ನ ಕಣ್ಣ ಮುಂದೆ ಹಿಡಿದ, "ಗೆರೆಯಿಂದ ಒಂದು ಕಾಳು ಮೇಲಿದ್ರೆ ನನ್ನ ಕಿವಿ ಹಿಂಡಿ."

"ನಿಮ್ಮ ಅಣ್ಣನದೂ ಅಷ್ಟೇ ಸರಿಯಾಗಿತ್ತು ಬೆಳಿಗ್ಗೆ," ಎಂದೆ ನಾನು, ಇಂಥ ಸಂಸಾರ ಯಾರಿಗುಂಟು ಎಂದು ಬೀಗುತ್ತಾ.

ಧೈರ್ಯ ಮಾತ್ರ ಹಾಗೇ ಕುಂಟುತ್ತಿತ್ತು. ಗಾಡಿಗೆ ಅಣ್ಣತಮ್ಮಂದಿರೇ ಹೆಗಲು ಕೊಟ್ಟರು. "ಇವತ್ತು ಇಬ್ಬರಲ್ಲಿ ಯಾರು ಕುದುರೆ?" ಎಂದು ಬೀದಿಯವರು ಕೇಳುತ್ತಿದ್ದರಂತೆ. ಹೆದರಿಕೆ ಹೋಗಲೆಂದು ಮೈದುನ ಲಾಯದಲ್ಲಿ ರೇಡಿಯೋ ಹಚ್ಚಿಟ್ಟ. ವಾರ್ತೆ ಶುರುವಾಗುತ್ತಲೇ ಕುದುರೆ ಬಾಗಿಲು ಒದ್ದು ಹೊರಗೆ ಬಂತು. ಅತ್ತೆ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತು ಬುದ್ಧಿ ಹೇಳಿದರು. "ನಿನ್ನ ವಯಸ್ಸಿಗೆ ನಾನು ಮೂರು ಹೆತ್ತಿದ್ದೆ, ಬಕೆಟ್ಟಿಗೆ ಹೆದರ್ತೀಯಲ್ಲೇ!" ಅವರು ಕೆಮ್ಮಿದರು. ಕುದುರೆ ಹಾರಿತು. ಸ್ಟೂಲಿನ ಕಾಲು ಮುರಿಯಿತು.

ಮಗಳಿಗೆ ಶಾಲೆಗೆ ರಜೆ. ಇಡೀ ದಿನ ಲಾಯದ ಹೊಸ್ತಿಲ ಮೇಲೆ ಕೂತು ಎಲ್ಲರನ್ನೂ ನೋಡುತ್ತಿದ್ದಳು. ಒಂದು ದಿನ ಬಂದು ನನ್ನ ಸೆರಗು ಜಗ್ಗಿದಳು. "ಅಮ್ಮಾ, ಒಂದು ಕೇಳ್ಲಾ?" ಆಗಲೇ ಒಲೆಯ ಮೇಲೆ ಹಾಲು ಉಕ್ಕಬೇಕೆ! "ತಾಳು ಬಂಗಾರ," ಎಂದು ಓಡಿದೆ. ಇನ್ನೊಂದು ದಿನ ಅಪ್ಪನ ಹತ್ತಿರ ಹೋದಳು. ಅವರು ಹೆಗಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾ ನರಳುತ್ತಿದ್ದರು. ಅಜ್ಜಿಯನ್ನು ಕೇಳಹೋದರೆ, "ದೊಡ್ಡೋರು ಅಳೀತಿರುವಾಗ ಮಾತಾಡಬಾರದು, ಲೆಕ್ಕ ತಪ್ಪುತ್ತೆ," ಎಂಬ ಉತ್ತರ ಸಿಕ್ಕಿತು. ಆಮೇಲೆ ಅವಳು ಬಾಯಿ ಬಿಡಲಿಲ್ಲ. ದೊಡ್ಡವರು ನಾಲ್ಕು ಜನ ಇದ್ದಾರೆ, ಅವರಿಗೆ ಗೊತ್ತಿಲ್ಲದ್ದು ತನಗೇನು ಗೊತ್ತು ಅಂದುಕೊಂಡಳೋ ಏನೋ. ನಾನಾದರೂ ಕೂರಿಸಿಕೊಂಡು ಕೇಳಬೇಕಿತ್ತು. ನಾಳೆ, ನಾಳೆ ಅನ್ನುತ್ತಲೇ ಹದಿನೈದು ದಿನ ಮುಗಿಯಿತು.

ಡಾಕ್ಟರಮ್ಮ ಮತ್ತೆ ಬಂದರು. ಗೊರಸು ಮುಟ್ಟಿದವರೇ ಹುಬ್ಬು ಗಂಟಿಕ್ಕಿದರು. "ಹಾಗೇ ಸುಡ್ತಾ ಇದೆಯಲ್ಲ! ಕಾಳು ಎಷ್ಟು ಕೊಡ್ತಾ ಇದ್ದೀರಿ?"

"ಕಾಲು!" ಎಂದೆವು ನಾಲ್ವರೂ ಒಂದೇ ದನಿಯಲ್ಲಿ.

"ಖಂಡಿತಾ?"

"ನಾನೇ ಕೈಯಾರೆ ಅಳೆದು ಕೊಟ್ಟಿದ್ದೀನಿ," ಎಂದರು ನಮ್ಮನೆಯವರು.

"ನಾನು ಚಾಕುವಿನಲ್ಲಿ ಮಟ್ಟ ಮಾಡಿದ್ದೀನಿ," ಎಂದರು ಅತ್ತೆ.

"ನಾನು ಗೆರೆ ನೋಡಿದ್ದೀನಿ," ಎಂದ ಮೈದುನ.

ನಾನೂ ತಲೆಯಾಡಿಸಿದೆ.

ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು ಚೀಲದ ಬಾಯಿ ಮುಚ್ಚಿದರು. "ಹಾಗಿದ್ರೆ ನನ್ನ ಕೈಯಲ್ಲಿ ಏನೂ ಇಲ್ಲ."

ನಮ್ಮನೆಯವರು ಕುದುರೆಯ ಕುತ್ತಿಗೆಯ ಮೇಲೆ ಕೈಯಿಟ್ಟರು. "ಸರಿ. ನಾಳೆ ಯಾರನ್ನಾದ್ರೂ ವಿಚಾರಿಸ್ತೀನಿ."

ಆಗ ಹೊಸ್ತಿಲಿನಿಂದ ಎದ್ದು ಬಂದಳು ನನ್ನ ಮಗಳು. ಕಣ್ಣು ತುಂಬಿತ್ತು. ಒಂದು ಕೈಯಿಂದ ಕುದುರೆಯ ಬಾಲ ಬಿಗಿಯಾಗಿ ಹಿಡಿದಿದ್ದಳು. ಆಶ್ಚರ್ಯವೆಂದರೆ ಕುದುರೆ ಬೆಚ್ಚಲಿಲ್ಲ. ಇನ್ನೊಂದು ಕೈಯ ಬೆರಳು ನಮ್ಮ ಕಡೆ ಚಾಚಿ, ಅಪ್ಪನಿಗೆ ಒಂದು, ಅಜ್ಜಿಗೆ ಒಂದು, ಚಿಕ್ಕಪ್ಪನಿಗೆ ಒಂದು, ನನಗೆ ಒಂದು ಎಂದು ಎಣಿಸಿದಳು. ಈ ಸಲ ನಾನು ಮಂಡಿಯೂರಿ ಅವಳ ಎತ್ತರಕ್ಕೆ ಕೂತೆ.

"ಕೇಳು ಬಂಗಾರ. ಏನು?"

"ಅಮ್ಮಾ, ನಾಲ್ಕು ಕಾಲು ಸೇರಿದ್ರೆ ಪೂರ್ತಿ ಒಂದು ಡಬ್ಬ ಆಗಲ್ವಾ?"