ಕೈ ತೊಳೆಯುವ ಹೊತ್ತು

ಬಿಸಿಲು ಒಗೆಯುವ ಕಲ್ಲನ್ನು ಬಿಟ್ಟು ಗೋಡೆ ಹತ್ತಿತು, ಇನ್ನು ಆ ಕಂದೀಲಿನ ಮೊಳೆ ಮುಟ್ಟಿತೆಂದರೆ ಇವತ್ತಿನ ಊಟದ ಕತೆ ಮುಗಿದಂತೆ, ಎಲ್ಲಿ ಹಾಳಾಗಿ ಹೋದ ಇವನು — ಅಯ್ಯ, ಮುಸ್ಸಂಜೆ ಹೊತ್ತಿನಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಅನ್ನಬಾರದು — ಎಲ್ಲಿ ಹೋದ ಈ ಸಮ್ಮೇದ, ಪದ್ಮವ್ವ ಕಟ್ಟೆಯ ಮೇಲೆ ಕುಂತಲ್ಲಿಂದಲೇ ಕುತ್ತಿಗೆ ಉದ್ದ ಮಾಡಿ ಓಣಿ ನೋಡುತ್ತಾಳೆ, ಎಮ್ಮೆಗಳು ಬರುತ್ತವೆ, ಹಾಲಿನ ಕ್ಯಾನಿನ ಸೈಕಲ್ಲು ಬರುತ್ತದೆ, ಕಬ್ಬಿನ ಟ್ರ್ಯಾಕ್ಟರು ಓಣಿಗೆಲ್ಲ ಧೂಳೆಬ್ಬಿಸಿಕೊಂಡು ಬರುತ್ತದೆ, ಮಗನೊಬ್ಬ ಬರುವುದಿಲ್ಲ. ಒಳಗೆ ತಾಟು ಮುಚ್ಚಿಟ್ಟಾಗಿದೆ, ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಹಿತ್ತಲ ಬಚ್ಚಲಲ್ಲಿ ಹಂಡೆಯ ನೀರು ಕಾದು ಕಾದು ಸಿಟ್ಟಿಗೆದ್ದಂತೆ ಕುದಿಯುತ್ತಿದೆ, ಬಾಜೂಕ ಹೊಸ ಸಾಬಾಣ, ಕಾಗದವನ್ನೂ ಬಿಚ್ಚಿಲ್ಲ ಪುಣ್ಯಾತ್ಮ, ತಂದು ಎಷ್ಟು ದಿವಸವಾಯಿತು. ಹೊತ್ತು ಮುಳುಗಿದ ಮೇಲೆ ಜೈನರ ಈ ಮನೆಯಲ್ಲಿ ಯಾರೂ ಉಂಡವರಲ್ಲ, ನೀರು ಕುಡಿದವರಲ್ಲ, ಗಂಡ ಜಯಪಾಲ ಕಡೆಗಾಲದ ಜ್ವರದಲ್ಲೂ ಗಂಜಿ ಬೇಡವೆಂದು ಕೈಯಾಡಿಸಿದ್ದ, ದೀಪಕ್ಕೆ ಬಂದ ಹುಳ ತಾಟಿನಲ್ಲಿ ಬಿದ್ದು ಬಾಯಿಗೆ ಹೋದರೆ ಆ ಪಾಪವನ್ನು ಎಲ್ಲಿ ತೊಳೆಯುವುದು, ಅದಕ್ಕೇ ಚಳಿಗಾಲ ಬಂತೆಂದರೆ ಈ ಮನೆಯಲ್ಲಿ ದಿನಾ ಸಂಜೆ ಓಟದ ಪಂದ್ಯ, ಓಡಿ ಬಾರೋ, ಬೆರಳ ಅದ್ದೋ, ಉಣ್ಣೋ, ಹೊತ್ತ ಹೊಂಟೈತಿ ಎಂದು ಪದ್ಮವ್ವ ಬಾಗಿಲಿಂದ ಕೂಗುವುದು, ಬ್ಯಾಟರಿ ಅಂಗಡಿಯಿಂದ ಓಡಿ ಬಂದ ಸಮ್ಮೇದ ಮೊದಲು ಒಳಗೆ ನುಗ್ಗಿ ಗಟಗಟ ಒಂದು ತಂಬಿಗೆ ನೀರು ಕುಡಿದು, ಆಮೇಲೆ ಚೆಂಬಿನಲ್ಲಿ ಬೆರಳ ತುದಿ ಅದ್ದಿದಂತೆ ಮಾಡಿ, ಮೈಮೇಲಿನ ಕರಿ ಅಂಗಿಯಲ್ಲೇ ತಾಟಿಗೆ ಕೂರುವುದು. ವರ್ಷಗಟ್ಟಲೆ ಹೀಗೇ ನಡೆದುಬಂತು, ಯಾರಿಗೂ ಏನೂ ಅನ್ನಿಸಲಿಲ್ಲ.

ಅನ್ನಿಸಿದ್ದು ಗೋಕಾಕದ ಡಾಕ್ಟರಬಾಯಿಗೆ, ಅದೂ ತೃಪ್ತಿಯ ಹೊಟ್ಟೆಯ ದೆಸೆಯಿಂದ — ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುತ್ತಿದ್ದಳು, ದೃಷ್ಟಿಯಾಗಿದೆಯೆಂದು ಉಪ್ಪು ಮೆಣಸಿನಕಾಯಿ ಇಳಿತೆಗೆದದ್ದಾಯಿತು, ಜಂತಿನ ಔಷಧ ಕೊಟ್ಟದ್ದಾಯಿತು, ಜಂತೂ ಜೀವವೇ ಅಲ್ಲವೇ ಎಂದು ಪದ್ಮವ್ವನ ಮನಸ್ಸು ಒಂದು ಗಳಿಗೆ ಅಳುಕಿತ್ತು, ಅಳುಕಿಕೊಂಡೇ ಕುಡಿಸಿದ್ದಳು, ಏನೂ ಗುಣವಿಲ್ಲ, ಮುಖ ಬಿಳಿಚಿತು, ಬಾಯಿಪಾಠವಿದ್ದ ಮಗ್ಗಿ ಮರೆತುಹೋಯಿತು, ಯಾರೂ ನೋಡದಾಗ ಗೋಡೆಯ ಮಣ್ಣು ಕೆರೆದು ತಿನ್ನುತ್ತಿತ್ತು ಕೂಸು. ಡಾಕ್ಟರಬಾಯಿ ಕೂಸು ಏನು ತಿನ್ನುತ್ತದೆ ಅಂತ ಕೇಳಲಿಲ್ಲ, ಕೂಸಿನ ಅಪ್ಪ ಏನ ಕೆಲಸಾ ಮಾಡತಾನ್ರಿ ಅಂದಳು, ರಕ್ತ ತೆಗೆದು ಬೆಳಗಾವಿಗೆ ಕಳಿಸಿದಳು, ಮತ್ತೆ ಕರೆಸಿ ಕೂರಿಸಿಕೊಂಡು ಹೇಳಿದಳು, ಇದು ಸೀಸದ ವಿಷ ಪದ್ಮವ್ವಾರ, ಬ್ಯಾಟರಿ ಒಡದಾಗ ಬರೂ ಬೂದಿ ಬಣ್ಣದ ಪುಡಿ, ಅದು ನಿಮ್ಮ ಮಗನ ಕೈಯಾಗ, ಅಂಗ್ಯಾಗ, ತಲಿಗೂದಲಾಗ ಕುಂತು ಮನಿಗಿ ಬರಾಕತ್ತೈತಿ, ದೊಡ್ಡವರಕಿಂತ ಸಣ್ಣ ಮಕ್ಕಳಿಗಿ ಲಗೂ ಏರತೈತಿ, ಮೆದುಳಿಗಿ ಹೋದ್ರ ತಿರುಗಿ ತರಾಕ ಆಗೂದಿಲ್ಲ. ಆಮೇಲೆ ಸಮ್ಮೇದನ ಕಡೆ ತಿರುಗಿದಳು, ಕೆಲಸದ ಅರಿವಿ ಅಂಗಡ್ಯಾಗ ಬಿಡ್ರಿ, ಸಾಬಾಣ ಹಚ್ಚಿ ಮೈ ತೊಳಕೊಂಡ ಮನಿಗಿ ಬರ್ರಿ, ಅಲ್ಲಿ ಏನೂ ತಿನಬ್ಯಾಡ್ರಿ, ಚಾ ಸುದ್ದಾ ಕುಡಿಬ್ಯಾಡ್ರಿ, ಪುಡಿ ಒಣಾ ಕಸಬರಗಿಲೆ ಹೊಡಿಬ್ಯಾಡ್ರಿ, ನೀರ ಚಿಮಕಿಸಿ ಒರಸ್ರಿ, ಸೀಸ ಕಾಸೂದು ಗಾಳಿ ಆಡೂವಲ್ಲೆ ಮಾಡ್ರಿ, ಮಾರಿಗಿ ಚಲೋ ಮಾಸ್ಕ ಹಾಕ್ರಿ — ಸಮ್ಮೇದ ಹೂಂರಿ ಹೂಂರಿ ಅಂದ, ಓಟು ಕೇಳಲು ಬಂದವರಿಗೆ ಅನ್ನುವ ಹೂಂ ಅದು, ಪದ್ಮವ್ವನಿಗೆ ಗೊತ್ತಾಗುವುದಿಲ್ಲವೇ, ಹೆತ್ತವಳು. ಮುಂದಿನ ವಾರ ಮುಖಕ್ಕೆ ಕರವಸ್ತ್ರ ಬಂತು, ಅದೇ ಕರವಸ್ತ್ರದಲ್ಲಿ ಚಾ ಕುಡಿದ ಬಾಯಿ ಒರೆಸಿಕೊಂಡ. ಕೈಗವಸು ಬಂದವು, ಅಂಗಡಿಯ ದೇವರ ಪಟದ ಬಾಜೂ ತೂಗುಬಿದ್ದವು, ಅವನ್ನ ಹಾಕ್ಕೊಂಡ್ರ ನಟ್ಟ ಕೈಗಿ ಹತ್ತೂದಿಲ್ಲ ಯವ್ವಾ. ಅಂಗಡಿಯ ಹಿಂದೆ ಬಚ್ಚಲು ಕಟ್ಟಲೆಂದು ತಗಡು ಬಂದವು, ಕಬ್ಬಿನ ಹಂಗಾಮು ಶುರುವಾಯಿತು, ಟ್ರ್ಯಾಕ್ಟರಿನವರು ಬಿಸಿಲಲ್ಲಿ ನಿಲ್ಲುತ್ತಾರೆಂದು ಆ ತಗಡು ಅವರ ನೆರಳಿಗೆ ಮಾಡಾಗಿ ಕುಂತವು. ಗಿರಾಕಿಗೆ ನೆರಳು ಮಾಡಲು ತಿಳಿಯುತ್ತದೆ, ಮಗಳಿಗಾಗಿ ಎರಡು ತಂಬಿಗೆ ನೀರು ಮೈಮೇಲೆ ಹೊಯ್ದುಕೊಳ್ಳಲು ಇವನಿಗೆ ಪುರಸೊತ್ತಿಲ್ಲ.

ಇಷ್ಟಾದರೂ ವಾದಕ್ಕೆ ಕಮ್ಮಿಯಿಲ್ಲ, ಹೊಲಾ ಊಳಿದ್ರ ಹುಳಾ ಸಾಯತಾವು, ಬ್ಯಾಟರ್ಯಾಗ ಯಾವ ಜೀವಾ ಸಾಯತೈತಿ ಹೇಳ, ನಮ್ಮ ಧರ್ಮಕ್ಕ ಇದ ಚಲೋ ಧಂದೆ ಅಂತ ನೀನ ಅಂದಾಕಿ ಎಂದ, ಅಂದದ್ದು ಖರೆ, ಆಗ ಯಾರಿಗೆ ಗೊತ್ತಿತ್ತು, ಆಮೇಲೆ ಅಂದ, ಅಲ್ಲವಾ, ಕಣ್ಣಿಗಿ ಕಾಣದ ಪುಡಿಗಿ ಇಷ್ಟ ಅಂಜಿದ್ರ ಬದುಕಾಕ ಆಗತೈತೇನ — ಅವತ್ತು ಪದ್ಮವ್ವನಿಗೆ ಸಿಟ್ಟು ನೆತ್ತಿಗೇರಿತ್ತು, ಕಣ್ಣಿಗಿ ಕಾಣದ ಜೀವಕ್ಕ ಅಂಜಿ ನೀರ ಸೋಸಿ ಕುಡಿಯೂ ಮನಿಯಾಗ ಹುಟ್ಟಿ ಈ ಮಾತ ಆಡತಿ ಅಲ್ಲೋ, ನಾ ಮದವಿ ಆಗಿ ಬಂದಾಗಿಂದ ಆ ಕೊಡದ ಬಾಯಿಗಿ ಅರಿವಿ ಕಟ್ಟೂದ ಒಂದ ದಿವಸ ತಪ್ಪೇತೇನ, ಕಾಣೂದಿಲ್ಲ ಅಂತಲೇ ಕಟ್ಟೂದದು. ಆದರೂ ಅವನು ಮರುದಿನ ಮತ್ತೆ ಅದೇ ಅಂಗಿಯಲ್ಲಿ ಬಂದು ತೃಪ್ತಿಯನ್ನು ಎತ್ತಿಕೊಂಡ, ಅವಳ ಸಾಲಿಯ ಬಿಳಿ ಅಂಗಿ, ಬೆನ್ನ ಮೇಲೆ ಬೂದಿ ಬಣ್ಣದ ನಾಲ್ಕು ಬೆರಳು. ಆ ನಾಲ್ಕು ಬೆರಳು ಸೋಡಾ ಹಾಕಿದರೂ ಹೋಗಲಿಲ್ಲ, ತಿಕ್ಕಿದರೂ ಹೋಗಲಿಲ್ಲ, ಅವತ್ತಿನಿಂದ ಪದ್ಮವ್ವನ ಕಣ್ಣು ಅವನ್ನೇ ಹುಡುಕುತ್ತದೆ, ಬಾಗಿಲ ಚೌಕಟ್ಟಿನ ಮೇಲೆ ನಾಲ್ಕು ಬೆರಳು, ಸ್ವಿಚ್ಚಿನ ಬಾಜೂ ನಾಲ್ಕು ಬೆರಳು, ದಿಂಬಿನ ಮೇಲೆ, ಹೇಮಾವತಿ ಎನ್ನುವ ಆಕಳ ಹಣೆಯ ಮೇಲೂ, ಒರೆಸಿದಳು, ತಿಕ್ಕಿದಳು, ಸುಣ್ಣ ಬಳಿಸಿದಳು, ಇನ್ನೆಲ್ಲೂ ಇಲ್ಲ ಎನ್ನುವ ತನಕ ಮನೆಯನ್ನೆಲ್ಲ ಜಾಲಾಡಿದಳು. ಒಂದು ಮಾತು ಮಾತ್ರ ಯಾವ ಸಾಬಾಣಕ್ಕೂ ಹೋಗದು, ಅಪ್ಪ ತನ್ನ ತಾಟಿನಿಂದ ಕಲಸಿ ಬಾಯಿಗಿಟ್ಟ ತುತ್ತು ನುಂಗಿ ತೃಪ್ತಿ ಅಂದಿದ್ದಳಲ್ಲ, ಆಯಿ, ನಿನ್ನ ತುತ್ತಕಿಂತ ಅಪ್ಪನ ತುತ್ತ ಸಿಹಿ ಇರತೈತಿ, ಆಗ ಎಲ್ಲರೂ ನಕ್ಕಿದ್ದರು, ಅಪ್ಪನ ಮಗಳು ಅಂತ, ಡಾಕ್ಟರಬಾಯಿಗೆ ಅದನ್ನು ಹೇಳಿದಾಗ ಆಕೆ ನಗಲಿಲ್ಲ, ಸೀಸದ ಪುಡಿ ನಾಲಿಗಿಗಿ ಸಿಹಿ ಹತ್ತತೈತ್ರಿ ಅಂದಳು.

ದುರ್ಗಪ್ಪನನ್ನು ನೋಡಿಯಾದರೂ ಬುದ್ಧಿ ಬರಬೇಡವೇ, ಅಂಗಡಿ ತೆರೆದಾಗಿನಿಂದ ಸಮ್ಮೇದನ ಜೊತೆ ಸೀಸ ಕಾಸುವ ಕೊಣ್ಣೂರಿನ ದುರ್ಗಪ್ಪ, ಮೊನ್ನೆ ನಮಸ್ಕಾರ್ರಿ ಆಯಿ ಎಂದು ಕೈ ಎತ್ತಿದ, ತೋಳು ಮೇಲೆ ಬಂತು, ಮುಂಗೈ ಬರಲಿಲ್ಲ, ಒದ್ದೆ ಅರಿವೆಯ ಹಾಗೆ ಜೋತುಬಿತ್ತು, ವಾತ ಐತ್ರಿ, ಎಣ್ಣಿ ಹಚ್ಚಾಕತ್ತೇನಿ ಅಂದ, ವಾತವಂತೆ, ಸುಡುಗಾಡು. ಅತ್ತ ಸೊಸೆ ಸೋನಾಲಿ ಎರಡನೆಯ ಹೆರಿಗೆಗೆಂದು ಹುಕ್ಕೇರಿಯ ತವರಲ್ಲಿ ಕುಂತಿದ್ದಾಳೆ, ತೃಪ್ತಿಗೆ ಸಾಲಿ ತಪ್ಪಬಾರದೆಂದು ಇಲ್ಲಿ ಬಿಟ್ಟು ಹೋಗಿದ್ದಾಳೆ, ಬೂತಿನಿಂದ ಫೋನು ಮಾಡಿ ಪದ್ಮವ್ವನಿಗೇ ಹೇಳುತ್ತಾಳೆ, ಅತ್ತಿ, ಅವರಿಗಿ ಹೇಳ್ರಿ, ಮೈ ತೊಳಕೊಳ್ಳೂದ ಕಲತ ಮ್ಯಾಲೆ ಕರಿಯಾಕ ಬರ್ರಿ ಅಂತ, ಎಲ್ಲರೂ ಪದ್ಮವ್ವನಿಗೇ ಹೇಳುವವರು, ಡಾಕ್ಟರಬಾಯಿ ಪದ್ಮವ್ವನಿಗೆ, ಸೊಸೆ ಪದ್ಮವ್ವನಿಗೆ, ಈ ಪದ್ಮವ್ವ ಯಾರಿಗೆ ಹೇಳಬೇಕು, ಗೋಡೆಗೆ ಹೇಳಬೇಕು, ಗೋಡೆಯ ಮೇಲೆ ಬಿಸಿಲು ಮೊಳೆಯ ಬುಡಕ್ಕೆ ಬಂತು. ಓಣಿಯ ತಿರುವಿನಲ್ಲಿ ಲೂನಾ ಗಾಡಿಯ ಸಪ್ಪಳ ಕೇಳಿಸುತ್ತದೆ, ಬಂದ, ಬಂದನಪ್ಪ ಮಹಾರಾಜ, ಮೈಮೇಲೆ ಅದೇ ಅಂಗಿ.

ಯವ್ವಾ ತಾಟ ತಾ, ಹೊತ್ತ ಹೊಂಟೈತಿ ಎನ್ನುತ್ತಲೇ ಇಳಿದ, ಪದ್ಮವ್ವ ಎದ್ದು ಬಾಗಿಲಿಗೆ ಅಡ್ಡ ನಿಂತಳು, ಮೊದಲ ಬಚ್ಚಲಾ, ಹಿತ್ತಲದಿಂದ ಬಾ. ಬಚ್ಚಲಕ್ಕ ಹೋದ್ರ ಹೊತ್ತ ಮುಳಗತೈತಿ, ಮುಳಗಿದ್ರ ಉಣ್ಣಬ್ಯಾಡ ಅಂತಿ, ಮುಂಜಾನಿಂದ ಹೊಟ್ಟಿಗಿ ಒಂದ ಕಾಳ ಬಿದ್ದಿಲ್ಲ, ಅಂಗಡ್ಯಾಗ ತಿನಬ್ಯಾಡ ಅಂದವರೂ ನೀವ, ನಿನ್ನ ಸೂರ್ಯಾ ಇರಲೋ, ಡಾಕ್ಟರಬಾಯಿ ಸಾಬಾಣ ಇರಲೋ, ಒಂದ ಹೇಳ — ಅವನ ದನಿಯಲ್ಲಿ ಸಿಟ್ಟಿಗಿಂತ ಹಸಿವೇ ಹೆಚ್ಚು, ಅಷ್ಟರಲ್ಲಿ ಒಳಗಿನಿಂದ ತೃಪ್ತಿ ಅಪ್ಪಾ ಎಂದು ಬಾಣದಂತೆ ಓಡಿಬಂದಳು, ಅವನು ಬಗ್ಗಿ ಕೈ ಚಾಚಿದ, ಬೂದಿ ಹತ್ತಿದ ಆ ಎರಡು ಕೈ. ಮುಟ್ಟಬ್ಯಾಡ! ಇಡೀ ಓಣಿಗೆ ಕೇಳಿಸಿತು, ಎದುರುಮನೆಯ ಶಿವವ್ವ ಮೊರ ಹಿಡಿದುಕೊಂಡೇ ಹೊರಗೆ ಬಂದಳು, ನೋಡಲಿ, ಊರೆಲ್ಲ ನೋಡಲಿ, ಪದ್ಮವ್ವ ಕೂಸನ್ನು ಸೆರಗಿಗೆ ಎಳೆದುಕೊಂಡಿದ್ದಾಳೆ, ನನ್ನ ಮಗಳನ್ನ ಎತ್ತಾಕ ನಿನ್ನ ಪರವಾನಗಿ ಬೇಕೇನವಾ ಎನ್ನುತ್ತಾನೆ ಮಗ, ಬೇಕು ಎನ್ನುತ್ತಾಳೆ. ಅವನು ನೋಡುತ್ತಾನೆ, ಕೂಸು ಅಳುತ್ತದೆ, ಬಿಸಿಲು ಮೊಳೆ ಮುಟ್ಟುತ್ತದೆ. ಕಡೆಗೆ ಅವನು ಲೂನಾ ಒದ್ದು ನಿಲ್ಲಿಸಿ ಸುತ್ತುಹಾಕಿ ಹಿತ್ತಲಿಗೆ ಹೋದ.

ನೀರಿನ ಸಪ್ಪಳ ಕೇಳಿಸಿತು, ಧಡ್ ಧಡ್ ಎಂದು ಸಿಟ್ಟಿನಿಂದ ಹೊಯ್ದುಕೊಳ್ಳುತ್ತಿದ್ದಾನೆ, ಹೊಯ್ದುಕೊಳ್ಳಲಿ, ಸಿಟ್ಟಿನ ನೀರೂ ಕೊಳೆ ತೆಗೆಯುತ್ತದೆ, ತಲೀನೂ ತಿಕ್ಕೋ ಎಂದು ಕೂಗಿದಳು, ಉಗರ ಸಂದಿ ನೋಡೋ, ಅರಿವಿ ಅಲ್ಲೇ ಬಕೆಟನ್ಯಾಗ ಹಾಕು, ನಾಳೆ ಅದನ್ನ ಬ್ಯಾರೆ ಒಗಿತೇನಿ. ಗೋಡೆಯ ಮೇಲೆ ಮೊಳೆಯೊಂದೇ ಉಳಿಯಿತು, ಬಿಸಿಲಿಲ್ಲ. ಅವನು ಒದ್ದೆ ತಲೆಯಲ್ಲಿ ಬಂದು ಸಣ್ಣ ಹುಡುಗನಂತೆ ಗೋಡೆಗೆ ಒರಗಿದ, ಆತು, ಹೊತ್ತ ಮುಳಗಿತು, ಹಾಸಗಿ ಹಾಸು, ಮಲಕೋತೇನಿ. ಪದ್ಮವ್ವ ಒಳಗೆ ಹೋದಳು, ತಾಟು ತಂದಳು, ಅವನ ಮುಂದಿಟ್ಟಳು, ಉಣ್ಣು. ಹೊತ್ತ ಮುಳಗೇತೆವ್ವಾ. ಗೊತ್ತೈತಿ, ನನಗ ಕಣ್ಣಿಲ್ಲೇನ, ಉಣ್ಣು, ಪಾಪ ಬಂದ್ರ ನನಗ ಬರಲಿ. ಅವನು ಅವಳ ಮುಖ ನೋಡಿದ, ರೊಟ್ಟಿ ಮುರಿದ. ಪದ್ಮವ್ವ ಎದುರಿಗೆ ಕುಂತು ತಾಟಿನ ಮೇಲೆ ಸೆರಗು ಬೀಸುತ್ತಾಳೆ, ಬಲ್ಬಿಗೆ ಬರುವ ಹುಳ ಬೀಳದಿರಲಿ, ಅದರ ಜೀವವೂ ಉಳಿಯಲಿ, ಇವನ ಹೊಟ್ಟೆಯೂ ತುಂಬಲಿ, ಎದೆಯಲ್ಲಿ ಏನೋ ಮುರಿದಂತೆ ಇದೆ, ಆದರೂ ನೆಮ್ಮದಿ, ಎಂಥ ನೆಮ್ಮದಿ, ಇಷ್ಟು ದಿವಸ ಇದು ಯಾಕೆ ಹೊಳೆಯಲಿಲ್ಲ. ತೃಪ್ತಿ ಸರಿದು ಅಪ್ಪನ ತೊಡೆ ಹತ್ತಿದಳು, ಅವನು ತುತ್ತು ಹಿಡಿದು ತಾಯಿಯ ಕಡೆ ನೋಡಿದ, ಪದ್ಮವ್ವ ಅವನ ಕೈ ಹಿಡಿದು ತಿರುಗಿಸಿ ಉಗುರುಗಳನ್ನೆಲ್ಲ ನೋಡಿ ಹೂಂ ಅಂದಳು. ಕೂಸು ತುತ್ತು ಚಪ್ಪರಿಸಿತು, ಮುಖ ಸೊಟ್ಟ ಮಾಡಿತು, ಇವತ್ತ ಸಿಹಿ ಇಲ್ಲಪಾ. ಪದ್ಮವ್ವನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು, ಸಮ್ಮೇದ ತಲೆ ಎತ್ತಲಿಲ್ಲ, ನಾಳಿ ಅಂಗಡಿ ಹಿಂದ ಬಚ್ಚಲ ಕಟ್ಟಸತೇನವಾ ಅಂದ.

ಆಯಿ, ನೀರ. ತರತೇನಿ ತಾಳ ನನ್ನ ಬಂಗಾರಾ, ಪದ್ಮವ್ವ ಸಡಗರದಿಂದಲೇ ಏಳುತ್ತಾಳೆ, ಗೆದ್ದೆ, ಬೆಂಡಾದರೂ ಗೆದ್ದೆ, ನಾಳೆಯೇ ಹುಕ್ಕೇರಿಗೆ ಫೋನು ಮಾಡಬೇಕು, ಅಡುಗೆಮನೆಯಲ್ಲಿ ಬಲ್ಬು ಹಚ್ಚಿದಳು, ಹೊತ್ತು ಮುಳುಗಿದ ಮೇಲೆ ಈ ಕೊಡದ ಹತ್ತಿರ ಬಂದದ್ದೇ ಇಲ್ಲ, ಹಿತ್ತಾಳೆಯ ಕೊಡ, ಬಾಯಿಗೆ ಎರಡು ಮಡಿಕೆ ಬಿಳಿ ಅರಿವೆ, ಇದೊಂದು ಈ ಮನೆಯಲ್ಲಿ ಎಂದೂ ಮೈಲಿಗೆಯಾಗಿಲ್ಲ, ದಿನಾ ತನ್ನ ಕೈಯಾರೆ ತೊಳೆಯುತ್ತಾಳೆ, ಅಂಚಿಗೆ ಹತ್ತಿದ ಮಾಸಲು ಹೋಗುವುದಿಲ್ಲ, ಬಾವಿಯ ನೀರಿನ ಕಲೆ ಎಂದುಕೊಂಡಿದ್ದಳು, ನಸುಗತ್ತಲ ಮೂಲೆ, ಯಾರು ನೋಡುತ್ತಾರೆ, ಈಗ ಬಲ್ಬು ನೆತ್ತಿಯ ಮೇಲೆಯೇ ಇದೆ, ಅರಿವೆ ಎತ್ತಲೆಂದು ಕೈ ಚಾಚುತ್ತಾಳೆ, ಎಲ್ಲರೂ ಎತ್ತುವ ಬದಿ, ಅಲ್ಲಿ — ತನ್ನ ಬೆರಳು ಅದರ ಮೇಲೆ ಇಟ್ಟು ನೋಡುತ್ತಾಳೆ, ಚಿಕ್ಕವು ತನ್ನವು, ಆ ಕಲೆ ಅದಕ್ಕಿಂತ ಅಗಲ, ಓಡಿ ಬರುತ್ತಾನೆ, ಬೆರಳು ಅದ್ದುವುದಕ್ಕೂ ಮೊದಲು, ತಾಟಿಗೂ ಮೊದಲು, ಅದೇ ಕೈಯಲ್ಲಿ ಅರಿವೆ ಎತ್ತಿ ಗಟಗಟ ಒಂದು ತಂಬಿಗೆ, ದಿನಾ, ಇದೇ ಕೊಡದಿಂದ ಕೂಸಿಗೂ, ಆಯಿ ನೀರ, ಇದೇ ಕೊಡದಿಂದ ಸೋನಾಲಿಗೂ, ಬಸುರಿಯಾಗಿ ಇಲ್ಲಿದ್ದಾಗ, ಆಯೀ, ನೀರ ತಾ, ತಂಬಿಗೆ ಕೈಯಲ್ಲೇ ಇದೆ, ಬಿಳಿ ಅರಿವೆ, ಅಂಚಿನ ಮೇಲೆ ಬೂದಿ ಬಣ್ಣದ ನಾಲ್ಕು ಬೆರಳು, ನಾಲ್ಕು ಬೆರಳು —